ಹೊಗೆಯಿಲ್ಲದ ಸಿಗರೇಟಿನೊಳಗಿನ ಸೀಸ

ಬೀಡಿ ಸುಟ್ಟರೆ ಹೊಗೆ, ಹೊಗೆಯಿಂದ ಕೆಡುಕು. ಇದರಲ್ಲಾದರೋ ಬರಿಯ ಆವಿ, ಕೆಡುಕೆಲ್ಲಿಂದ ಬಂತು? ಹೀಗೆಂದು ಹೇಳಿಯೇ ವಿದ್ಯುತ್ ಸಿಗರೇಟನ್ನು ಜಗತ್ತಿಗೆಲ್ಲ ಮಾರಿದರು. ತಂಬಾಕು ಸುಟ್ಟಾಗ ಬರುವ ಟಾರು ಇದರಲ್ಲಿಲ್ಲವೆಂಬುದು ನಿಜ. ಆದರೆ ಆವಿಯ ಜೊತೆಗೆ ಇನ್ನೇನು ಬರುತ್ತದೆಂಬುದನ್ನು ಮಾರುವವರು ಹೇಳಲಿಲ್ಲ.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದೇ ಇಲ್ಲ. ಕೊಳವೆಯೊಳಗೆ ನಿಕ್ಕಲ್, ಕ್ರೋಮಿಯಂ ಬೆರೆಸಿದ ತಂತಿಯ ಸುರುಳಿ. ಬ್ಯಾಟರಿಯ ಶಕ್ತಿಯಿಂದ ಅದು ಕಾಯುತ್ತದೆ, ಸುತ್ತಲಿನ ನಿಕೋಟಿನ್ ದ್ರವ ಆವಿಯಾಗುತ್ತದೆ. ಕಾದ ಲೋಹವೂ ಬೆಸುಗೆಯೂ ಸವೆದು ಅದೇ ಆವಿಯಲ್ಲಿ ಸೇರುತ್ತವೆ. ಬೆಸುಗೆ ಹಾಕುವ ಕೆಲಸಗಾರನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಯಾವುದಕ್ಕೆ ಹೆದರಿಯೋ, ಅದನ್ನೇ ನಮ್ಮ ಹುಡುಗರು ಹಣ ಕೊಟ್ಟು ಒಳಕ್ಕೆಳೆದುಕೊಳ್ಳುತ್ತಿದ್ದಾರೆ.

ಇದು ಊಹೆಯ ಮಾತಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು 56 ಮಂದಿ ಬಳಸುತ್ತಿದ್ದ ಉಪಕರಣಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಸೀಸೆಯ ದ್ರವದಲ್ಲಿದ್ದುದಕ್ಕಿಂತ ಸುಮಾರು 25 ಪಾಲು ಹೆಚ್ಚು ಸೀಸ ಆವಿಯಲ್ಲಿತ್ತು. 2025ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು ಸೇದಿ ಬಿಸಾಡುವ ಅಗ್ಗದ ಬಗೆಗಳನ್ನು ನೋಡಿದರು. ಅವುಗಳಲ್ಲೊಂದು ಒಂದು ದಿನದ ಬಳಕೆಯಲ್ಲಿ ಹೊರಹಾಕಿದ ಸೀಸವು ಸುಮಾರು 20 ಪ್ಯಾಕು ಸಿಗರೇಟಿನದಕ್ಕಿಂತ ಹೆಚ್ಚು! ಒಳಗಿನ ಬಿಡಿಭಾಗಕ್ಕೆ ಸೀಸ ಬೆರೆತ ಕಂಚನ್ನು ಹಾಕಿದ್ದರು. ಅದು ದ್ರವಕ್ಕೆ ಇಳಿದಿತ್ತು. ಹಾಗೆಂದು ಬೀಡಿಯೇ ಲೇಸೆಂದು ಯಾರೂ ತಿಳಿಯಬಾರದು.

ಸೀಸಕ್ಕೆ ಇಷ್ಟಿದ್ದರೆ ಅಪಾಯವಿಲ್ಲವೆಂಬ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ಬಂದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸೀಸದ ವಿಷದ್ದು. ಕೆಲಸಗಾರನ ಮೈಗೆ ಕೂಡದೆಂದು ಅಂದೇ ಒಪ್ಪಿದ್ದನ್ನು ಮಾವಿನ ಹಣ್ಣಿನ ಸುವಾಸನೆ ಬೆರೆಸಿ ಮಾರಿದರೆ ಅದು ವ್ಯಾಪಾರವೇ?

ಕಳ್ಳಂಬೆಳ್ಳದಲ್ಲಿ ಇದೆಲ್ಲ ಎಲ್ಲಿದೆ ಎಂದು ಕೇಳುವವರುಂಟು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಇರುವುದು ಶಿರಾದವರಿಗೆ ಮಾತ್ರವಲ್ಲ. ಮಕ್ಕಳು ಓದಿಗೆ ತುಮಕೂರಿಗೆ, ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು. ನೋಡಲು ಪೆನ್ನಿನಂತಿರುವ ವಸ್ತು ಜೇಬಿನಲ್ಲಿದ್ದರೆ ತಾಯಿತಂದೆಗಳಿಗೆ ತಿಳಿಯುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. ಕರ್ನಾಟಕವು 2016ರಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ದೇಶಕ್ಕೆಲ್ಲ ನಿಷೇಧ ಬಂತು. ಮಾರಿದವನಿಗೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಇಲ್ಲವೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟವನಿಗೂ ಆರು ತಿಂಗಳವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ ಉಂಟು. ಪೆಟ್ಟಿಗೆ ಅಂಗಡಿಯ ಗೆಳೆಯರು ಇದನ್ನು ಚೆನ್ನಾಗಿ ನೆನಪಿಡಬೇಕು. ನಾಲ್ಕು ಕಾಸಿನ ಲಾಭದ ಆಸೆ ತೋರಿಸಿ ಮಾಲು ಇಟ್ಟು ಹೋಗುವವನು ಪೊಲೀಸರು ಬಂದ ದಿನ ಅಲ್ಲಿರುವುದಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. 2018ರಲ್ಲಿ ಅಮೆರಿಕದ ಸಿಗರೇಟು ಕಂಪನಿ ಆಲ್ಟ್ರಿಯಾ, ಜೂಲ್ ಎಂಬ ವಿದ್ಯುತ್ ಸಿಗರೇಟು ಕಂಪನಿಯ ನೂರಕ್ಕೆ 35 ಪಾಲನ್ನು 1,280 ಕೋಟಿ ಡಾಲರಿಗೆ ಕೊಂಡಿತು. ಹೊಗೆ ಮಾರಿದವರೇ ಆವಿಗೂ ಬಂಡವಾಳ ಹೂಡಿದರೆಂದ ಮೇಲೆ, ಇದು ಧೂಮಪಾನ ಬಿಡಿಸುವ ಔಷಧವೆಂಬ ಜಾಹೀರಾತನ್ನು ನಂಬುವುದು ಹೇಗೆ? ಮಾಲು ತರಿಸುವ ದೊಡ್ಡ ಕುಳಗಳನ್ನು ಬಿಟ್ಟು ಬೀದಿಯಂಚಿನ ಅಂಗಡಿಯವನೊಬ್ಬನನ್ನೇ ಹಿಡಿದರೆ ನಿಷೇಧ ನಡೆದಂತಾಗದು.

ಜಪ್ತಿಯಾದ ಮಾಲನ್ನು ಸುಮ್ಮನೆ ನಾಶಮಾಡದೆ, ಅದರಲ್ಲಿ ಎಷ್ಟು ಸೀಸ, ಎಷ್ಟು ನಿಕ್ಕಲ್ ಇದೆಯೆಂದು ಸರ್ಕಾರದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಕನ್ನಡದಲ್ಲಿ ಪ್ರಕಟಿಸಬೇಕು. ಮಾಲು ಬಂದ ದಾರಿಯನ್ನು ಅಂಗಡಿಯಿಂದ ಬಂದರಿನವರೆಗೆ ಹಿಂದಕ್ಕೆ ಹುಡುಕಬೇಕು. ಚಟಕ್ಕೆ ಬಿದ್ದ ಹುಡುಗರನ್ನು ಕಾನೂನು ಶಿಕ್ಷಿಸುವುದಿಲ್ಲ, ಅದು ಸರಿಯೇ; ಆದರೆ ಅವರನ್ನು ಬಿಡಿಸುವ ಸಲಹೆಗಾರರು ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಕೂರಬೇಕು, ಅದೂ ಗಿರಣಿಯ ಪಾಳಿ ಬಿಟ್ಟ ಮೇಲೆ ಹೋಗಲಾಗುವ ಹೊತ್ತಿನಲ್ಲಿ.