ಅಪ್ಪಯ್ಯನ ಕೋವಿ ತುಂಬಿದ್ಯಾ?

ಮಲೆನಾಡಿನ ತೋಟದ ಮನೆಗಳಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಖಾಲಿ ಕೋವಿ ಅಂದ್ರೆ ದೊಣ್ಣೆಗೆ ಸಮ. ಹಾಗಾಗಿ ಭತ್ತ ಹಾಲುಗಟ್ಟೋ ಹೊತ್ತಿಗೆ ಕೇಪಿನ ಕೋವಿಗೆ ಈಡು ತುಂಬಿ ಗೋಡೆಗೆ ನೇತುಹಾಕಿದರೆ, ಅಡಿಕೆ ಕೊಯ್ಲು ಮುಗಿಯೋವರೆಗೂ ಅದು ಹಾಗೇ ಇರುತ್ತೆ. ಹಂದಿ ಬಂತು, ಮಂಗ ಬಂತು, ಎತ್ತಿಕೊಂಡು ಓಡಿದ್ರೆ ಆಯ್ತು. "ಹಂದಿ ಗದ್ದೆಗೆ ಇಳಿದ್ಮೇಲೆ ಮದ್ದು ಜಡೀತಾ ಕೂರ್ಲಾ ಮಾರಾಯ?" ಅಂತ ಕೇಳಿದ್ರೆ ಬೆಂಗಳೂರಲ್ಲಿ ಕೂತ ನಮ್ಮ ಹತ್ರ ಉತ್ತರ ಇರಲ್ಲ.

ಉತ್ತರ ಇದೆ. ತುಂಬಿಟ್ಟ ಕೋವಿ ಅಪಾಯ ಅಂತ ಹೇಳೋಕೆ ಹೋಗಬೇಡಿ, ಮೂವತ್ತು ವರ್ಷ ಕೋವಿ ಹಿಡಿದವರು ಆ ಮಾತನ್ನ ಕಿವಿಗೆ ಹಾಕ್ಕೊಳ್ಳಲ್ಲ. ತಿಂಗಳುಗಟ್ಟಲೆ ತುಂಬಿಟ್ಟ ಕೋವಿ ಬೇಕಾದಾಗ ಹಾರಲ್ಲ ಅಂತ ಹೇಳಿ. ಅದು ಅವರಿಗೂ ಗೊತ್ತಿರೋ ಸತ್ಯ, ಒಪ್ಪಿಕೊಳ್ಳಲ್ಲ ಅಷ್ಟೆ.

ಊರಿನ ಕಡೆ ಬೇರಿಲ್ಲದವರಿಗೆ ಸ್ವಲ್ಪ ವಿವರ. ಇದು ಸಿನಿಮಾದ ಬಂದೂಕಲ್ಲ. ತೋಟಾ ಇಲ್ಲ, ಮ್ಯಾಗಜೀನ್ ಇಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಬರೆದಿರ್ತಾರೆ, ಅಂದ್ರೆ ಬಾಯಿಂದ ತುಂಬೋ ಒಂಟಿ ನಳಿಗೆ ಕೋವಿ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು ತುರುಕಬೇಕು. ಹಿಂದೆ ಸಣ್ಣ ತೂತಿರೋ ಒಂದು ಮೊಳೆ, ಅದರ ಮೇಲೆ ತಾಮ್ರದ ಕೇಪು. ಕುದುರೆ ಬಡಿದಾಗ ಕೇಪು ಸಿಡಿದು, ಕಿಡಿ ಆ ತೂತಲ್ಲಿ ಇಳಿದು ಮದ್ದಿಗೆ ತಾಗಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಳಸೋ ಇಂಥ ಕೋವಿಯ ಹೆಸರು ನೇರವಾಗಿ ಇದೆ. ಅಂದ್ರೆ ಇದು ಶೋಕಿಯ ವಸ್ತು ಅಲ್ಲ, ಗುದ್ದಲಿ ಹಾರೆಯ ಜೊತೆಗೆ ಬರೋ ಸಾಮಾನು. ಅದಕ್ಕೇ ಅದರ ಬಗ್ಗೆ ಭಾವುಕರಾಗದೆ ಮಾತಾಡೋಣ.

ಮೊದಲು ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಕಡೆ ಶ್ರಾವಣದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ, ಉಪ್ಪಿನ ಭರಣಿ ನೀರೊಡೆಯುತ್ತೆ. ಇನ್ನು ಬಾಯಿ ತೆರೆದ ಕಬ್ಬಿಣದ ಕೊಳವೆಯೊಳಗೆ, ಬರೀ ನಾರಿನ ಬಿರಡೆ ಹಾಕಿಟ್ಟ ಮದ್ದು? ಒಣ ನಳಿಗೆಯಲ್ಲಿ ಒಣ ಮದ್ದು ಬಹಳ ಕಾಲ ಇರುತ್ತೆ ನಿಜ. ಆದ್ರೆ ನಮ್ಮ ಮನೆಗಳಲ್ಲಿ ನಳಿಗೆ ಒಣಗಿರೋದು ಯಾವಾಗ? ಸಂಜೆ ಮಂಗ ಓಡಿಸೋಕೆ ಒಂದು ಈಡು ಹಾರಿಸ್ತಾರೆ, ಒರೆಸೋದಿಲ್ಲ, ಅದರ ಮೇಲೇ ಇನ್ನೊಂದು ಈಡು ತುಂಬಿ ನೇತುಹಾಕ್ತಾರೆ. ಕರಿಮದ್ದು ಸುಟ್ಟ ಮೇಲೆ ಉಳಿಯೋ ಕಿಟ್ಟ ಗಾಳಿಯ ನೀರನ್ನ ಹೀರುತ್ತೆ. ಆ ನೀರು ಹೊಸ ಮದ್ದನ್ನ ಒದ್ದೆ ಮಾಡುತ್ತೆ, ನಳಿಗೆಯನ್ನ ಒಳಗಿಂದ ತಿನ್ನುತ್ತೆ.

ಎಣ್ಣೆ ಹಾಕಿದ್ದೀವಲ್ಲ ಅಂತಾರೆ. ಎಣ್ಣೆ ಇನ್ನೊಂದು ಕಥೆ. ಆ ಕಿಟ್ಟ ಸೀಮೆಎಣ್ಣೆಗೆ ಸರಿಯಾಗಿ ಬಿಡಲ್ಲ, ಬಿಸಿನೀರಿಗೆ ಬಿಡುತ್ತೆ. ಕೋವಿಗೆ ನೀರು ತಾಗಿಸೋದಾ ಅಂತ ಹಿರಿಯರು ಹೌಹಾರ್ತಾರೆ, ಆದ್ರೆ ಬಿಸಿನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ತೆಳ್ಳಗೆ ಎಣ್ಣೆ ಸವರೋದೇ ಸರಿ. ಬಾಯಿ ಮೇಲೆ ಮಾಡಿ ನಿಲ್ಲಿಸಿದ್ರೆ ಎಣ್ಣೆ ಇಳಿದು ಹಿಂಬದಿಯ ತೂತಿಗೇ ಬಂದು ಕೂರುತ್ತೆ, ಅದಕ್ಕೇ ತೊಳೆದ ಖಾಲಿ ಕೋವಿಯನ್ನ ಬಾಯಿ ಕೆಳಗೆ ಮಾಡಿ ಇಡಬೇಕು. ತುಂಬೋ ಮೊದಲು ಎಣ್ಣೆ ಒರೆಸಿ, ಖಾಲಿ ನಳಿಗೆಗೆ ಒಂದು ಕೇಪು ಹಾರಿಸಿದ್ರೆ ತೂತು ಶುಚಿಯಾಗುತ್ತೆ. ಇಷ್ಟನ್ನ ಮಾಡದೆ ಎಣ್ಣೆ ಬಳಿದ ನಳಿಗೆಗೆ ಮದ್ದು ಸುರಿದು ಮೂರು ತಿಂಗಳು ಇಟ್ಟವರಿಗೆ ಹಂದಿ ಬಂದ ರಾತ್ರಿ ಕೇಳಿಸೋದು ಬರೀ 'ಟಪ್' ಅಂತ ಕೇಪಿನ ಸದ್ದು.

ನಿಜವಾದ ಕೇಡು ಶುರುವಾಗೋದು ಆ 'ಟಪ್' ಆದ್ಮೇಲೆ. ಕೆಲವು ಸಲ ಒದ್ದೆ ಮದ್ದು ತಕ್ಷಣ ಹಿಡಿಯಲ್ಲ, ತಡವಾಗಿ ಹಿಡಿಯುತ್ತೆ. ಹಾಗಾಗಿ ಹಾರದ ಕೋವಿಯನ್ನ ಕನಿಷ್ಠ ಒಂದು ನಿಮಿಷ ಯಾರೂ ಇಲ್ಲದ ಕಡೆಗೇ ಹಿಡಿದಿರಬೇಕು. ಕತ್ತಲಲ್ಲಿ, ಜಿಗಣೆ ಕಚ್ಚೋ ಗದ್ದೆಯಲ್ಲಿ, ಒಂದು ನಿಮಿಷ ಯಾರು ಕಾಯ್ತಾರೆ? ತಿರುಗಿಸಿ ನೋಡ್ತಾರೆ. ಇಲ್ಲಾ ಬೈದುಕೊಂಡು ಮನೆಗೆ ತಂದು ನೇತುಹಾಕ್ತಾರೆ. ಬೆಳಿಗ್ಗೆ ಮಗನೋ ಕೆಲಸದವನೋ ಎತ್ತಿಕೊಂಡು, ನಿನ್ನೆ ಹಾರಿಸಿದಾರಲ್ಲ ಖಾಲಿ ಇರಬೇಕು ಅಂದುಕೊಂಡು, ಮೇಲೆ ಇನ್ನೊಂದು ಈಡು ತುಂಬ್ತಾನೆ. ಎರಡು ಈಡು ಒಟ್ಟಿಗೆ ಹಾರಿದ್ರೆ ತುಕ್ಕು ತಿಂದ ನಳಿಗೆ ಹೊಡೆದವನ ಕೈಯಲ್ಲೇ ಸೀಳಬಹುದು.

ಹಳ್ಳಿಯವರ ಅಜಾಗರೂಕತೆ ಅಂತ ಮೂಗು ಮುರಿಯಬೇಡಿ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ರಣರಂಗದಿಂದ ಸುಮಾರು 27,000 ಕೋವಿಗಳನ್ನ ಆಯ್ದರು. ಹೆಚ್ಚಿನವು ತುಂಬಿದ್ದವು, ಸಾವಿರಾರು ಕೋವಿಗಳಲ್ಲಿ ಒಂದರ ಮೇಲೊಂದು ಎರಡೋ ಅದಕ್ಕಿಂತ ಹೆಚ್ಚೋ ಈಡು ಇತ್ತು ಅಂತ ದಾಖಲೆ ಇದೆ. ಅವರು ಕವಾಯತು ಮಾಡಿದ ಸಿಪಾಯಿಗಳು. ಅವರಿಗೇ ನೆನಪಿರಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸ್ಟೇಟಸ್ ತೋರಿಸದ ಸಿಸ್ಟಮ್. ಹೊರಗಿಂದ ನೋಡಿದ್ರೆ ತುಂಬಿದ ಕೋವಿಗೂ ಖಾಲಿ ಕೋವಿಗೂ ವ್ಯತ್ಯಾಸ ಇಲ್ಲ. ಸ್ಥಿತಿ ಇರೋದು ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ, ಆ ಮನುಷ್ಯನಿಗೆ ಎಪ್ಪತ್ತು ವರ್ಷ, ಬಿಪಿ ಮಾತ್ರೆ ತಗೊಂಡ್ನಾ ಇಲ್ವಾ ಅಂತಲೇ ಅನುಮಾನ. ಇಂಥ ಡಿಸೈನ್ ಆಫೀಸಲ್ಲಿ ಯಾರಾದ್ರೂ ತಂದಿಟ್ಟಿದ್ರೆ ರಿವ್ಯೂನಲ್ಲಿ ಹರಿದು ಹಾಕ್ತಿದ್ವಿ. ಊರಿಗೆ ಹೋದಾಗ ಮಾತ್ರ ಅದೇ ಕೋವಿ ಹೆಗಲಿಗೇರಿಸಿ ಫೋಟೋ ತೆಗೆಸ್ಕೊಂಡು 'ಮಲೆನಾಡ ಹುಡುಗ' ಅಂತ ಸ್ಟೇಟಸ್ ಹಾಕ್ತೀವಿ. ತುಂಬಿದ್ಯಾ ಅಂತ ಕೇಳಿರಲ್ಲ.

ಆನ್‌ಸೈಟ್ ಹೋಗಿ ಬಂದವರು ಒಂದು ವಾದ ತರ್ತಾರೆ: ಅಮೆರಿಕದಲ್ಲಿ ಬೇಟೆ ಸೀಸನ್ ಪೂರ್ತಿ ತುಂಬೇ ಇಡ್ತಾರಲ್ಲ? ಕೆಲವರು ಇಡ್ತಾರೆ. ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಕೇಪು ತೆಗೆದ ಕೋವಿಯನ್ನ ಕಾನೂನು ಖಾಲಿ ಅಂತಲೇ ಲೆಕ್ಕ ಹಾಕುತ್ತೆ. ಬೆಚ್ಚಗಿನ ಮನೆಯೊಳಗೆ ತಂದರೆ ತಣ್ಣನೆಯ ನಳಿಗೆಯಲ್ಲಿ ನೀರು ಕಟ್ಟುತ್ತೆ ಅಂತ ರಾತ್ರಿ ಅದನ್ನ ಹೊರಗಿನ ಚಳಿಯಲ್ಲೇ, ಬೀಗ ಹಾಕಿ ಬಿಡೋ ಬೇಟೆಗಾರರೂ ಇದಾರೆ. ಒಬ್ಬನೇ ಮುಟ್ಟೋ ಕೋವಿ, ಕೆಲವೇ ದಿನಗಳ ಬೇಟೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಬೇಟೆ ಸೀಸನ್ನೇ ಇಲ್ಲ. ಬೆಳೆ ತಿನ್ನೋ ಪ್ರಾಣಿಯನ್ನ ಕೊಲ್ಲೋಕೂ ಲಿಖಿತ ಅನುಮತಿ ಬೇಕು. ರೈತ ಹಾರಿಸೋದು ಬಹುಪಾಲು ಸದ್ದಿಗೆ. ಸದ್ದಿಗಾಗಿ ಆರು ತಿಂಗಳು ಚರೆ ತುಂಬಿಡೋದು ಯಾವ ಲೆಕ್ಕ?

ಇನ್ನು 'ನಮ್ಮ ಪರಂಪರೆ' ಅನ್ನೋರಿಗೆ ಕೊಡಗನ್ನ ತೋರಿಸ್ತೀನಿ. ಕೋವಿಯ ಪರಂಪರೆ ಅವರಿಗಿಂತ ನಮಗೆ ಹೆಚ್ಚಿಲ್ಲ. ಅಲ್ಲಿ ನಾಟಿ ಕಾಲದಲ್ಲಿ ಆಯುಧಗಳನ್ನ ದೇವರ ಕೋಣೆಯಲ್ಲಿ ಎತ್ತಿಟ್ಟು, ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಹೊರಗೆ ತೆಗೆದು, ಶುಚಿ ಮಾಡಿ, ಹೂವಿಟ್ಟು ಪೂಜೆ ಮಾಡೋದು ಪದ್ಧತಿ. ಕೆಲಸ ಇಲ್ಲದಾಗ ಎತ್ತಿಡೋದೂ ಪರಂಪರೆಯೇ.

ಹಾಗಾದ್ರೆ ಹಂದಿ ಬಂದಾಗ? ಮದ್ದನ್ನ ಮೊದಲೇ ಅಳೆದಿಡಿ, ನಳಿಗೆಯಲ್ಲಲ್ಲ, ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಗಳಲ್ಲಿ. ಒಂದು ಡಬ್ಬಿ, ಒಂದು ಈಡು. ಬೆಂಕಿಯಿಂದ ದೂರ, ಬೀಗದೊಳಗೆ. ಕೇಪು ಬೇರೆ ಕಡೆ. 1850ರ ದಶಕದ ಸಿಪಾಯಿಗಳು ಕಾಗದದಲ್ಲಿ ಸುತ್ತಿಟ್ಟ ಈಡು ಬಳಸಿ ನಿಮಿಷಕ್ಕೆ ಮೂರು ಸಲ ಹಾರಿಸ್ತಿದ್ರು. ನಮ್ಮ ಅಪ್ಪಯ್ಯನಿಗೆ ಒಂದು ಈಡಿಗೆ ಪೂರ್ತಿ ಒಂದೂವರೆ ನಿಮಿಷ ಕೊಡೋಣ. ನಾಯಿ ಬೊಗಳಿದ್ದು ಕೇಳಿ, ಟಾರ್ಚು ಹುಡುಕಿ, ಗಂಬೂಟು ಹಾಕಿ, ಅಮ್ಮನ ಹತ್ರ ಬೈಸಿಕೊಂಡು ಅಂಗಳ ಇಳಿಯೋಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಹಾರಿಸದೆ ವಾಪಸ್ ಬಂದ್ರೆ ಅಂಗಳ ಹತ್ತೋ ಮೊದಲೇ ಮೆತ್ತನೆ ಮಣ್ಣಿನ ದರೆಗೆ ಹೊಡೆದು ಖಾಲಿ ಮಾಡಬೇಕು. ಹೊಡೆದ ಮೇಲೆ ತೊಳೆಯಲೇಬೇಕು, ಎಷ್ಟು ಹೊತ್ತಾಗಿದ್ರೂ. ಒಂದು ಈಡಿನ ಮದ್ದು ದಂಡ ಅಂತ ಗೊಣಗ್ತಾರೆ. ವರ್ಷಕ್ಕೆ ಇಷ್ಟೇ ಮದ್ದು ಅಂತ ಲೈಸೆನ್ಸಲ್ಲಿ ಮಿತಿ ಇರೋದ್ರಿಂದ ಆ ಗೊಣಗಾಟದಲ್ಲಿ ನ್ಯಾಯ ಇದೆ. ಅದಕ್ಕೆ ಗಜದ ತುದಿಗೆ ಸಿಕ್ಕಿಸೋ ಸ್ಕ್ರೂ ಇದೆ: ಕೇಪು ತೆಗೆದು, ಮುಖ, ಕೈ ನಳಿಗೆಯ ಬಾಯಿಗೆ ಅಡ್ಡ ಬಾರದ ಹಾಗೆ ನಿಂತು, ನಾರನ್ನ ಸ್ಕ್ರೂನಿಂದ ಎಳೆದು ಚರೆ, ಮದ್ದು ಸುರಿದುಕೊಳ್ಳಬಹುದು.

ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕೋವಿಯ ನಂಬರು, ಅರ್ಜಿ, ಚಲನು ಎಲ್ಲ ನೋಡ್ತಾರೆ. ಚುನಾವಣೆ ಬಂದ್ರೆ ಠಾಣೆಗೆ ತಂದಿಡಿ ಅಂತಾರೆ, ಬೆಳೆ ಇರೋ ಕಾಲದಲ್ಲೂ. ಆದ್ರೆ ಈ ಸ್ಕ್ರೂ ಇದ್ಯಾ, ಖಾಲಿ ಮಾಡೋಕೆ ಬರುತ್ತಾ ಅಂತ ಕೌಂಟರಿನಲ್ಲಿ ಕೇಳಿದ್ದನ್ನ ನಾನಂತೂ ನೋಡಿಲ್ಲ. ಅವರು ಕೇಳದಿದ್ರೆ ನಾವೇ ಕೇಳಬೇಕು. ಅಪ್ಪಯ್ಯನಿಗೆ ಫೋನ್‌ಪೇ ಕಲಿಸಿದ್ದೀವಿ, ಸಿಸಿಟಿವಿ ಹಾಕಿಸಿದ್ದೀವಿ, ಮಂಡಿನೋವಿಗೆ ಎಣ್ಣೆ ಆರ್ಡರ್ ಮಾಡಿದ್ದೀವಿ.

ಈ ಸಲ ಊರಿಗೆ ಹೋದಾಗ ಒಂದು ಮಾರ್ಕರ್ ತಗೊಂಡು ಹೋಗಿ. ಕೋವಿ ಖಾಲಿ ಅಂತ ಗ್ಯಾರಂಟಿ ಮಾಡಿಕೊಂಡ ಮೇಲೆ ಗಜವನ್ನ ತಳ ಮುಟ್ಟೋವರೆಗೂ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಎಳೆಯಿರಿ. ಮುಂದೆ ಯಾರೇ ಆ ಕೋವಿ ಎತ್ತಿದ್ರೂ ಮೊದಲು ಕೇಪು ಇಲ್ಲ ಅಂತ ನೋಡಿ, ಗಜ ಇಳಿಸಲಿ. ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ.