ಮೊಣಕಾಲಿಗೆ ಪಿಆರ್‌ಪಿ: ಒಡವೆ ಅಡವಿಡುವ ಮುನ್ನ

ಸುಜೂದ್‌ನಿಂದ ಏಳುವಾಗ ಮೊಣಕಾಲು ಹಿಡಿದುಕೊಂಡು 'ಯಾ ಅಲ್ಲಾಹ್' ಎನ್ನುವ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಈಗ ಪಿಆರ್‌ಪಿ ಇಂಜೆಕ್ಷನ್ ದೊಡ್ಡ ಆಸೆ ಹುಟ್ಟಿಸಿದೆ. ಆಪರೇಷನ್ ಬೇಡ, ನಿಮ್ಮದೇ ರಕ್ತದಿಂದ ಸವೆತ ಸರಿಹೋಗುತ್ತದೆ ಎಂಬ ಮಾತು ನಂಬಿ ಉಮ್ಮನಿಗಾಗಿ ಒಡವೆ ಅಡವಿಡಲು ಹೊರಟಿದ್ದರೆ, ಸ್ವಲ್ಪ ತಡೆಯಿರಿ.

ಈ ಚಿಕಿತ್ಸೆಯಲ್ಲಿ ನಿಮ್ಮ ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಮೊಣಕಾಲಿಗೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್‌ಗಳು ಗಾಯ ಮಾಯಲು ನೆರವಾಗುವುದು ನಿಜ. ಆದರೆ ಗಾಯ ಮಾಯುವುದು ಬೇರೆ, ವರ್ಷಗಳಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದು ಬೇರೆ.

ಆಸ್ಟ್ರೇಲಿಯಾದಲ್ಲಿ 288 ಮಂದಿ ಮೊಣಕಾಲು ಸವೆತದ ರೋಗಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟರು. ವರ್ಷದ ಬಳಿಕ ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿಯ ಸವೆತದಲ್ಲೂ ಅಷ್ಟೇ. ಅಮೆರಿಕದ ಸಂಧಿರೋಗ ತಜ್ಞರ ಸಂಘವು 2019ರಲ್ಲೇ ಮೊಣಕಾಲು ಸವೆತಕ್ಕೆ ಪಿಆರ್‌ಪಿ ಬೇಡವೆಂದು ಸಲಹೆ ನೀಡಿತ್ತು.

'ನಮ್ಮ ನೆರೆಮನೆಯವರಿಗೆ ಗುಣವಾಯಿತಲ್ಲ' ಎನ್ನುತ್ತೀರಿ. ಅವರು ಸುಳ್ಳು ಹೇಳುತ್ತಿಲ್ಲ. ಉಪ್ಪುನೀರು ಪಡೆದವರಿಗೂ ನೋವು ಇಳಿದಿತ್ತೆಂಬುದನ್ನು ನೆನಪಿಡಿ. ಈ ನೋವು ತಾನಾಗಿಯೂ ಏರಿಳಿಯುತ್ತದೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಪಿಆರ್‌ಪಿಯಿಂದ ಲಾಭ ಕಂಡಿರುವುದೂ ಉಂಟು. ಆದರೆ ಅಷ್ಟರ ಆಧಾರದಲ್ಲಿ ಬಡ ಕುಟುಂಬವೊಂದು ಸಾಲ ಮಾಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹಣ ಬೇಡದ ಮದ್ದು ಮೊದಲು ಮಾಡಿ. ತೂಕ ಹೆಚ್ಚಿದ್ದರೆ ಇಳಿಸಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ ಹಿಡಿಯುವ ವ್ಯಾಯಾಮದಿಂದ ತೊಡೆಯ ಸ್ನಾಯು ಬಲಗೊಳ್ಳುತ್ತದೆ. ನೋವಿಗೆ ಹಚ್ಚುವ ಮುಲಾಮು ಯಾವುದೆಂದು ವೈದ್ಯರಲ್ಲಿ ಕೇಳಿ. ಸವೆತ ತೀವ್ರವಾಗಿ ನಡೆಯಲಾಗದಿದ್ದರೆ ಕೀಲು ಬದಲಾವಣೆಯ ಬಗ್ಗೆ ಮಾತಾಡಿ, ಹೆದರಿ ಮುಂದೂಡಬೇಡಿ.

ಇನ್ನೊಂದು ಮಾತು. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ದೀನ್ ಕೊಟ್ಟಿದೆ. ಕುರ್ಚಿ ಹಿಡಿದ ಉಮ್ಮ ಸಂಕೋಚಪಡಬೇಕಾಗಿಲ್ಲ. ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡು ಯಾರಾದರೂ 'ಗ್ಯಾರಂಟಿ' ಎಂದರೆ, ಅಲ್ಲಿಂದ ಎದ್ದು ಬನ್ನಿ.