ಬುಟ್ಟಿ ಏರುವ ಮುನ್ನ ಗಾಡಿ ನೋಡಿ



ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಆಮೇಲೆ ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಗಳು. ದೀಪ ಕಟ್ಟಲು, ಬೀದಿದೀಪ ಬದಲಿಸಲು ಬುಟ್ಟಿ ಎತ್ತುವ ಲಿಫ್ಟ್ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ಆದರೆ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೊರಡುವ ಮುಂಚೆ ಗಾಡಿಯನ್ನು ನೋಡಲೇಬೇಕು.

ಟೈರಿನ ಗಾಳಿ, ಡೀಸೆಲ್ ಎಲ್ಲರೂ ನೋಡುತ್ತಾರೆ. ಹೈಡ್ರಾಲಿಕ್ ಪೈಪನ್ನು? ಎಣ್ಣೆ ಜಿನುಗುವ ಜಾಗವನ್ನು ಬರಿಗೈಯಿಂದ ತಡವಿ ಹುಡುಕಲೇಬಾರದು. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ, ಬೆರಳನ್ನೇ ಕತ್ತರಿಸಬೇಕಾಗಬಹುದು. ಒಂದು ರಟ್ಟಿನ ತುಂಡು ಹಿಡಿದರೆ ಸೋರಿಕೆ ಕಾಣುತ್ತದೆ. ಕೆಳಗಿನಿಂದ ಬುಟ್ಟಿ ಇಳಿಸುವ ತುರ್ತು ವಾಲ್ವನ್ನು ಖಾಲಿ ಬುಟ್ಟಿಯಲ್ಲೇ ಪರೀಕ್ಷಿಸಬೇಕು. ಒಮ್ಮೆ ಬಿದ್ದವನನ್ನು ಹಿಡಿದ ಸುರಕ್ಷಾ ಬೆಲ್ಟನ್ನು ಮತ್ತೆ ಕಟ್ಟಬಾರದು.

ನಮ್ಮ ಕಡೆಯ ತೊಂದರೆ ಇನ್ನೊಂದಿದೆ. ಬೈಲಹೊಂಗಲ, ರಾಮದುರ್ಗದ ಎರೆ ಮಣ್ಣು ಮಳೆ ಬಿದ್ದರೆ ಮೆತ್ತಗಾಗಿ ಗಾಡಿಯ ಊರುಗಾಲು ಇಳಿಯುತ್ತದೆ, ಗಾಡಿ ವಾಲುತ್ತದೆ. ಕಾಲಿನಡಿ ಇಡಲು ದಪ್ಪ ಹಲಗೆ ಗಾಡಿಯಲ್ಲೇ ಇರಲಿ.

ಬಾಡಿಗೆ ಗಾಡಿಯಾದರೆ ಮಾಲೀಕರದ್ದೋ, ಪುರಸಭೆಯದ್ದೋ ಹೊಣೆ ಎಂಬ ವಾದ ಬೇಡ. ಪ್ರತಿ ಗಾಡಿಯಲ್ಲೂ ತಪಾಸಣೆ ಪುಸ್ತಕ ಇಟ್ಟು, ಅದರಲ್ಲಿ ಸಹಿ ಇಲ್ಲದ ದಿನದ ಬಾಡಿಗೆ ಬಿಲ್ ಪಾಸು ಮಾಡದಿರಲಿ.

— ಓದುಗ, ಬೈಲಹೊಂಗಲ